ಬೆಸ್, ಸಲೆರ್ಸ್, ಸಾಂತಾ ಪಾವ್: ನಡೆದು ಜ್ವಾಲಾಮುಖಿ ನೋಡಲು ಯಾವ ಊರು?

ಯುರೋಪಿನ ಜ್ವಾಲಾಮುಖಿ ಅಂದರೆ ನಮಗೆ ನೆನಪಾಗುವುದು ಎಟ್ನಾ, ವೆಸೂವಿಯಸ್. ಎರಡು ಕಡೆಯೂ ಬಸ್ಸು, ಟಿಕೆಟ್ಟು, ಜನಜಂಗುಳಿ. ಆದರೆ ತಣ್ಣಗಾಗಿ ಸಾವಿರಾರು ವರ್ಷವಾದ, ಮೈತುಂಬ ಹುಲ್ಲು ಬೆಳೆದು ದನ ಮೇಯುತ್ತಿರುವ ಜ್ವಾಲಾಮುಖಿಗಳೂ ಅಲ್ಲಿ ಬೇಕಾದಷ್ಟಿವೆ. ಅವುಗಳ ಆಸುಪಾಸಿನಲ್ಲಿ ಕಪ್ಪು ಲಾವಾ ಕಲ್ಲಿನಿಂದಲೇ ಕಟ್ಟಿದ ಹಳೆಯ ಊರುಗಳಿವೆ. ರಾತ್ರಿ ಊರಲ್ಲಿ ಉಳಿದು, ಬೆಳಿಗ್ಗೆ ಶೂ ಕಟ್ಟಿಕೊಂಡು ಬೆಟ್ಟದ ಕಡೆ ಹೊರಟರಾಯಿತು.

ಇಂಥ ಮೂರು ಊರುಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ಬೆಸ್ ಮತ್ತು ಸಲೆರ್ಸ್ ಫ್ರಾನ್ಸಿನ ಮಧ್ಯಭಾಗದ ಓವರ್ನ್ಯ ಸೀಮೆಯಲ್ಲಿವೆ. ಸಾಂತಾ ಪಾವ್ ಸ್ಪೇನಿನ ಕ್ಯಾಟಲೋನಿಯಾದಲ್ಲಿದೆ. ಮೂರಕ್ಕೂ ಷೆಂಗೆನ್ ವೀಸಾ ಸಾಕು. ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸದಲ್ಲಿರುವ ನಮ್ಮವರಿಗೆ ನಾಲ್ಕು ದಿನ ರಜೆ ಸಿಕ್ಕರೂ ಇವುಗಳಲ್ಲಿ ಒಂದನ್ನು ಮುಗಿಸಬಹುದು.

ಫೋಟೋದಲ್ಲಿ ಮೂರೂ ಒಂದೇ ಥರ. ಕಲ್ಲಿನ ಬೀದಿ, ಹಳೆಯ ಗೋಪುರ, ಹಿಂದೆ ಹಸಿರು ಬೆಟ್ಟ. ಹಾಗಾಗಿ ಆರಿಸುವಾಗ ಊರಿನ ಚಂದ ನೋಡಿ ಮೋಸ ಹೋಗುವವರೇ ಜಾಸ್ತಿ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಉಳಿದುಕೊಂಡ ಮನೆಯ ಬಾಗಿಲಿನಿಂದ ಬೆಟ್ಟದ ಬುಡಕ್ಕೆ ಎಷ್ಟು ದೂರ? ಇದನ್ನು ಕೇಳದೆ ರೂಮ್ ಬುಕ್ ಮಾಡಿದರೆ ನಡೆಯಲು ಹೋದವರು ಟ್ಯಾಕ್ಸಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಸಲೆರ್ಸ್: ಊರು ಅಂದರೆ ಇದು, ಬೆಟ್ಟ ಮಾತ್ರ ದೂರ

ಚಂದದ ವಿಷಯಕ್ಕೆ ಬಂದರೆ ಸಲೆರ್ಸ್‌ಗೆ ಎದುರಿಲ್ಲ. ಕಾಂತಾಲ್ ಜಿಲ್ಲೆಯಲ್ಲಿ, ಸುಮಾರು 950 ಮೀಟರ್ ಎತ್ತರದ ಗುಡ್ಡದ ಅಂಚಿನಲ್ಲಿ ಕೂತ ಪುಟ್ಟ ಊರು. 15ನೇ ಶತಮಾನದಲ್ಲಿ ಸುತ್ತ ಕೋಟೆಗೋಡೆ ಎದ್ದಿತು. 16ನೇ ಶತಮಾನದಲ್ಲಿ ಓವರ್ನ್ಯದ ಮೇಲ್ನಾಡಿಗೆಲ್ಲ ಇಲ್ಲಿಯೇ ನ್ಯಾಯಾಲಯ. ನ್ಯಾಯಾಧೀಶರು, ವಕೀಲರು ಬಂದು ನೆಲೆಸಿದರು, ಗೋಪುರ ಇಟ್ಟು ಮನೆ ಕಟ್ಟಿಸಿದರು. ಊರಿನ ನಡುವಿನ ಚೌಕದಲ್ಲಿ ನಿಂತರೆ ಸುತ್ತಲೂ ಅದೇ ಮನೆಗಳು: ಕಡು ಬೂದು ಬಣ್ಣದ ಗೋಡೆ, ಕಡಿದಾದ ಕಲ್ಲುಹಾಸಿನ ಚಾವಣಿ. ಕಟ್ಟುನಿಟ್ಟಾಗಿ ನೋಡಿದರೆ ಇಲ್ಲಿ ಕಾಣುವುದು ಮಧ್ಯಯುಗದ ಕೊನೆ ಮತ್ತು ಅದರ ನಂತರದ ಕಾಲ. ನೂರು ವರ್ಷ ಆಚೀಚೆ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ ಬಿಡಿ.

ಚೌಕದ ನಡುವೆ ತಿಸಾಂದಿಯೆ ದೆಸ್ಕೂ ಎಂಬವರ ಸ್ಮಾರಕವಿದೆ. 19ನೇ ಶತಮಾನದಲ್ಲಿ ಈ ಸೀಮೆಯ ಹಸುವಿನ ತಳಿಯನ್ನು ಉಳಿಸಿ ಬೆಳೆಸಿದ ಮನುಷ್ಯ. ಹಸುವಿಗೂ ಊರಿನದೇ ಹೆಸರು, ಸಲೆರ್ಸ್. ಕಡು ಕೆಂಪು ಮೈ, ಉದ್ದನೆಯ ಬಾಗಿದ ಕೊಂಬು. ಕರು ಬಂದು ಬಾಯಿ ಹಾಕದೆ ಹಾಲು ಇಳಿಸುವುದಿಲ್ಲ, ನಮ್ಮ ನಾಟಿ ಹಸುವಿನ ಹಾಗೆಯೇ. ಅದಕ್ಕೇ ಇಲ್ಲಿ ಹಾಲು ಕರೆಯುವಾಗ ಕರು ಪಕ್ಕದಲ್ಲೇ ಇರುತ್ತದೆ.

ಇನ್ನು ಬೆಟ್ಟ. ಕಾಂತಾಲ್ ಇಡೀ ಒಂದು ಜ್ವಾಲಾಮುಖಿ. ಅಡ್ಡಕ್ಕೆ ಸುಮಾರು 70 ಕಿ.ಮೀ., ವಿಸ್ತಾರದಲ್ಲಿ ಯುರೋಪಿಗೇ ದೊಡ್ಡದು. ಸುಮಾರು 1.3 ಕೋಟಿ ವರ್ಷದ ಹಿಂದೆ ಶುರುವಾಗಿ 20 ಲಕ್ಷ ವರ್ಷದ ಹಿಂದಿನವರೆಗೂ ಬಿಟ್ಟುಬಿಟ್ಟು ಉಗುಳಿತು. ಆಮೇಲೆ ಹಿಮನದಿಗಳು ಬಂದು ಅದನ್ನು ಕೆರೆದು ಕಣಿವೆ ಮಾಡಿದವು. ಹಾಗಾಗಿ ಇಲ್ಲಿ ಬಟ್ಟಲಿನಂಥ ಬಾಯಿ ಹುಡುಕಬೇಡಿ. ಈಗ ಉಳಿದಿರುವುದು ನಡುವಿನ ಶಿಖರಗಳು ಮತ್ತು ಅಲ್ಲಿಂದ ಎಲ್ಲ ದಿಕ್ಕಿಗೂ ಹರಡಿಕೊಂಡ ಕಣಿವೆಗಳು. ಇದನ್ನು ಮೇಲಿನಿಂದ ನೋಡಲು ಅತ್ಯುತ್ತಮ ಜಾಗ ಪುಯಿ ಮಾರಿ, 1,783 ಮೀಟರ್.

ತೊಡಕು ಇರುವುದೂ ಇಲ್ಲೇ. ಸಲೆರ್ಸ್‌ನಿಂದ ಪುಯಿ ಮಾರಿಯ ಬುಡದ ಪಾ ದ ಪೇರೋಲ್ ಕಣಿವೆದಾರಿಗೆ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಕಾರಿನವರಿಗೆ ಅದು ಸೊಗಸಾದ ದಾರಿ. ಕಾಲಿನವರಿಗೆ ಹೋಗುವುದಕ್ಕೇ ಒಂದು ದಿನ. ಪಾ ದ ಪೇರೋಲ್ ಸುಮಾರು 1,588 ಮೀಟರ್ ಎತ್ತರದಲ್ಲಿದೆ. ಈ ಬೆಟ್ಟಸಾಲಿನಲ್ಲಿ ಕಾರು ಹೋಗುವ ಅತಿ ಎತ್ತರದ ದಾರಿ ಅದು. ಅಲ್ಲಿ ಇಳಿದರೆ ಮುಂದೆ ಮೆಟ್ಟಿಲು ಮಾಡಿಟ್ಟಿದ್ದಾರೆ. 200 ಮೀಟರ್ ಏರು, ಮುಕ್ಕಾಲು ಗಂಟೆಯೊಳಗೆ ತುದಿ. ಆಗಸ್ಟಿನಲ್ಲಿ ಈ ಮೆಟ್ಟಿಲ ಮೇಲೆ ಜನರ ಸಾಲೇ ಇರುತ್ತದೆ. ಇದನ್ನು ಚಾರಣ ಅಂತ ಕರೆಯಲು ನನಗೆ ಮನಸ್ಸಿಲ್ಲ. ತುದಿಯಿಂದ ಆಚೆ ಇಳಿದು, ರೋಲಾಂ ಸಂದಿನ ಕಡೆ ದಿಣ್ಣೆಯ ಮೇಲೆ ನಡೆದರೆ ಆಗ ಚಾರಣ ಶುರು. ಜನವೂ ಅಲ್ಲಿಗೆ ಕರಗುತ್ತಾರೆ.

ಸಲೆರ್ಸ್‌ನಲ್ಲೇ ಉಳಿದು, ವಾಹನವೇ ಇಲ್ಲದೆ ಬೆಟ್ಟ ಹತ್ತಲೇಬೇಕು ಅನ್ನುವವರಿಗೆ ಪುಯಿ ವ್ಯೋಲಾಂ ಇದೆ, 1,592 ಮೀಟರ್. ಬಯಲು ಹುಲ್ಲುಗಾವಲಿನಲ್ಲಿ ನಿಧಾನದ ಏರು, ದಾರಿಯಲ್ಲಿ ಬ್ಯುರೋಂ ಎಂದು ಕರೆಯುವ ಕಲ್ಲಿನ ಗುಡಿಸಲುಗಳು. ಹಿಂದೆ ದನಗಾಹಿಗಳು ಬೇಸಿಗೆಯಿಡೀ ಅಲ್ಲೇ ಉಳಿದು ಚೀಸ್ ಮಾಡುತ್ತಿದ್ದರು. ಊರಿಂದಲೇ ಹೊರಟರೆ ಹೋಗಿ ಬರಲು ಇಡೀ ದಿನ ಬೇಕು. ನೆರಳು ಇಲ್ಲವೇ ಇಲ್ಲ ಅನ್ನಬಹುದು. ಕರು ಜೊತೆಗಿರುವ ಹಸುಗಳಿಂದ ದೂರ ಇರಿ, ದಾಟಿದ ಗೇಟನ್ನು ಮುಚ್ಚಿ.

ಬೆಸ್: ಕಪ್ಪು ಊರು, ಕಪ್ಪು ಕೆರೆ, ಎತ್ತರದ ಬೆಟ್ಟ

ಬೆಸ್ ಸಲೆರ್ಸ್‌ನಷ್ಟು ಅಚ್ಚುಕಟ್ಟಲ್ಲ. ಚಳಿಗಾಲದಲ್ಲಿ ಸ್ಕೀ ಮಾಡಲು ಬರುವವರ ಊರು. ಕ್ರೀಡಾ ಸಾಮಾನಿನ ಅಂಗಡಿ, ಬೇಕರಿ, ಬ್ಯಾಂಕು ಎಲ್ಲ ಇದೆ. ನನ್ನ ಮಟ್ಟಿಗೆ ಇದೇ ಅದರ ಗುಣ. ಜನ ಬದುಕುತ್ತಿರುವ ಊರು, ಸಂಜೆ ಆರರ ಮೇಲೆ ಬಿಕೋ ಅನ್ನುವುದಿಲ್ಲ. ಹಳೆಯ ಭಾಗ ಚಿಕ್ಕದು, ಆದರೆ ಗಟ್ಟಿಯಾದದ್ದು. ಕೋಟೆಯ ಗಡಿಯಾರ ಗೋಪುರ, 12ನೇ ಶತಮಾನದ ಸಾಂತಾಂದ್ರೆ ಚರ್ಚು, ಕಸಾಯಿಯವರ ಅಂಗಡಿಗಳಿದ್ದ ಹಳೆಯ ಬೀದಿ, ಎಲ್ಲವೂ ಕಪ್ಪು ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾಗಿ ಆದ ಕಲ್ಲು. ಮಳೆ ಬಂದರೆ ಇಡೀ ಊರು ಇದ್ದಿಲಿನಲ್ಲಿ ಬರೆದಂತೆ ಕಾಣುತ್ತದೆ.

ಗಣಿತದ ಹುಚ್ಚಿರುವವರಿಗೆ ಒಂದು ಸಣ್ಣ ಮಾತು. ನಿಕೋಲಾ ಬುರ್ಬಾಕಿ ಎಂಬ ಇಲ್ಲದ ಮನುಷ್ಯನ ಹೆಸರಿನಲ್ಲಿ ಪುಸ್ತಕ ಬರೆದ ಫ್ರೆಂಚ್ ಗಣಿತಜ್ಞರ ಗುಂಪು 1935ರ ಜುಲೈನಲ್ಲಿ ಮೊದಲ ದೊಡ್ಡ ಸಭೆ ಸೇರಿದ್ದು ಇದೇ ಬೆಸ್‌ನಲ್ಲಿ. ಅವರಲ್ಲಿ ಒಬ್ಬರಾದ ಆಂದ್ರೆ ವೇಯ್ ಅದಕ್ಕೂ ಮೊದಲು ನಮ್ಮ ಅಲೀಗಢದಲ್ಲಿ ಪಾಠ ಮಾಡಿದ್ದವರು.

ಬೆಸ್ ಗೆಲ್ಲುವುದು ಪಾವ್ಯಾಂ ಸರೋವರದಿಂದ. ಊರಿಂದ ಸುಮಾರು 4 ಕಿ.ಮೀ., 150 ಮೀಟರ್ ಏರು. ಕಾಡಿನ ನಡುವೆ ಹೆಚ್ಚುಕಡಿಮೆ ಗುಂಡಗಿನ ಕೆರೆ. ಅಡ್ಡಕ್ಕೆ ಸುಮಾರು 750 ಮೀಟರ್, ಆಳ 92 ಮೀಟರ್. ಸುಮಾರು 7 ಸಾವಿರ ವರ್ಷದ ಹಿಂದೆ ಮೇಲೇರುತ್ತಿದ್ದ ಲಾವಾಕ್ಕೆ ನೆಲದೊಳಗಿನ ನೀರು ತಾಗಿ ಸ್ಫೋಟವಾಯಿತು. ಬಿದ್ದ ಗುಂಡಿಯಲ್ಲಿ ನೀರು ತುಂಬಿತು. ಫ್ರಾನ್ಸಿನ ಮುಖ್ಯ ನೆಲದಲ್ಲಿ ಇದಕ್ಕಿಂತ ಎಳೆಯ ಜ್ವಾಲಾಮುಖಿ ಇಲ್ಲ. ಇನ್ನೊಂದು ವಿಚಿತ್ರ: ಕೆರೆಯ ತಳದ ನೀರು ಮೇಲಿನ ನೀರಿನ ಜೊತೆ ಬೆರೆಯುವುದೇ ಇಲ್ಲ. ತಳದಲ್ಲಿ ಆಮ್ಲಜನಕ ಇಲ್ಲ, ಕರಗಿದ ಅನಿಲಗಳು ಹಾಗೇ ಉಳಿದಿವೆ. ಅದನ್ನು ಅಧ್ಯಯನ ಮಾಡಲೆಂದೇ ವಿಜ್ಞಾನಿಗಳು ಬರುತ್ತಾರೆ. ಊರವರ ಕಥೆ ಬೇರೆ. ಪಾಪ ಮಾಡಿದ ಹಳೆಯ ಊರೊಂದು ಕೆರೆಯ ತಳದಲ್ಲಿ ಮುಳುಗಿದೆಯಂತೆ, ಕಲ್ಲು ಎಸೆದರೆ ಬಿರುಗಾಳಿ ಏಳುತ್ತದಂತೆ. ಈಜು ನಿಷೇಧ. ಸುತ್ತ ಕಾಲುದಾರಿಯಿದೆ, ಒಂದು ಗಂಟೆಯ ಆರಾಮದ ನಡಿಗೆ. ಶಕ್ತಿ ಉಳಿದಿದ್ದರೆ ಹಿಂದಿನ ಪುಯಿ ದ ಮೋಂಶಾಲ್ ಹತ್ತಿ, 1,407 ಮೀಟರ್. ಕೆರೆಯ ಆಕಾರ ಗೊತ್ತಾಗುವುದು ಎತ್ತರದಿಂದಲೇ.

ಊರಿಂದ ಹೊರಟು, ಕೆರೆ ಸುತ್ತಿ, ಬೆಟ್ಟ ಹತ್ತಿ, ಕತ್ತಲಾಗುವ ಮೊದಲು ಊರಿಗೆ ಬಂದು ಕಾಫಿ ಕುಡಿಯಬಹುದು. ಒಂದೇ ಒಂದು ವಾಹನ ಬೇಡ. ಫ್ರಾನ್ಸಿನ ಎರಡು ಊರುಗಳ ನಡುವೆ ನನ್ನ ವೋಟು ಬೆಸ್‌ಗೆ ಬೀಳುವುದು ಇದೊಂದೇ ಕಾರಣಕ್ಕೆ.

ದೊಡ್ಡ ಬೆಟ್ಟ ಪುಯಿ ದ ಸಾನ್ಸಿ. 1,885 ಮೀಟರ್, ಮಧ್ಯ ಫ್ರಾನ್ಸಿನ ಈ ಬೆಟ್ಟಸಾಲಿಗೇ ಎತ್ತರದ್ದು. ಹೆಚ್ಚುಕಡಿಮೆ ನಮ್ಮ ಕುದುರೆಮುಖದಷ್ಟು. ಆದರೆ ಎತ್ತರದ ಅಂಕಿ ನೋಡಿ ಹಗುರವಾಗಿ ತಗೋಬೇಡಿ. ಮೇ ತಿಂಗಳಲ್ಲೂ ಉತ್ತರದ ಮಗ್ಗುಲಲ್ಲಿ ಹಿಮ ಇರುತ್ತದೆ. ಗಾಳಿ ಎದ್ದರೆ ದಿಣ್ಣೆಯ ಮೇಲೆ ನಿಲ್ಲುವುದೇ ಕಷ್ಟ. ಬೆಸ್‌ನಿಂದ ನಡೆದೇ ಹೋಗಿ ಬರುವುದು ಗಟ್ಟಿಗರಿಗೆ ಮಾತ್ರ. ಉಳಿದವರು ಸುಮಾರು 7 ಕಿ.ಮೀ. ದೂರದ ಸೂಪರ್-ಬೆಸ್ ತನಕ ವಾಹನದಲ್ಲಿ ಹೋಗಿ ಅಲ್ಲಿಂದ ನಡೆಯುತ್ತಾರೆ. 1,350 ಮೀಟರ್ ಎತ್ತರದ ಆ ಸ್ಕೀ ಊರನ್ನು 1960ರ ದಶಕದಲ್ಲಿ ಕಟ್ಟಿದ್ದು. ಕಾಂಕ್ರೀಟು, ಕಂಬ, ತಂತಿ. ಬೇಗ ದಾಟಿಬಿಡಿ. ದಿಣ್ಣೆ ಮುಟ್ಟಿದ ಮೇಲೆ ಎರಡೂ ಕಡೆ ಕಣಿವೆ ತೆರೆದುಕೊಳ್ಳುತ್ತದೆ. ದೊರ್ದೋನ್ಯ ನದಿ ಹುಟ್ಟುವುದು ಈ ಬೆಟ್ಟದ ಬುಡದಲ್ಲೇ. ತುದಿಯ ಹತ್ತಿರ ಮೋಂ-ದೋರ್ ಕಡೆಯಿಂದ ರೋಪ್‌ವೇಯಲ್ಲಿ ಬಂದವರು ಚಪ್ಪಲಿಯಲ್ಲಿ ಎದುರಾಗುತ್ತಾರೆ. ಬೆವರು ಸುರಿಸಿ ಬಂದವರಿಗೆ ಸ್ವಲ್ಪ ಸಿಟ್ಟು ಬರುವುದು ಸಹಜ, ಅಲ್ವಾ?

ಜುಲೈ 2ಕ್ಕೆ ಬೆಸ್‌ನಲ್ಲಿದ್ದರೆ ಇನ್ನೊಂದು ನೋಡಬಹುದು. ಅಂದು ಕಪ್ಪು ಮೇರಿಯ ವಿಗ್ರಹವನ್ನು ಊರ ಚರ್ಚಿನಿಂದ ಬೆಟ್ಟದ ಮೇಲಿನ ವಾಸಿವಿಯೇರ್ ಚಾಪೆಲ್‌ಗೆ ಹೊತ್ತು ಸಾಗಿಸುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಊರಿಗೆ ಇಳಿಸಿ ತರುತ್ತಾರೆ. ದನಗಳು ಬೇಸಿಗೆಗೆ ಬೆಟ್ಟ ಹತ್ತಿ ಚಳಿಗೆ ಇಳಿಯುವಂತೆಯೇ ದೇವಿಯೂ. ಮೆರವಣಿಗೆಯ ಜೊತೆ ಯಾರು ಬೇಕಾದರೂ ನಡೆಯಬಹುದು.

ಸಾಂತಾ ಪಾವ್: ಚಿಕ್ಕ ಬೆಟ್ಟ, ಎಲ್ಲರಿಗೂ ಎಟಕುವುದು

ಸಾಂತಾ ಪಾವ್ ಇರುವ ಗರೋಚಾ ಸೀಮೆಯ ಜ್ವಾಲಾಮುಖಿಗಳು ಎತ್ತರದಲ್ಲಿ ಏನೂ ಅಲ್ಲ. ಸುಮಾರು 40 ಇವೆ, ಬಹುಪಾಲು ಕಾಡು ಮುಚ್ಚಿದ ಗುಡ್ಡಗಳು. ಗೊತ್ತಿಲ್ಲದವರು ಜ್ವಾಲಾಮುಖಿಯ ಮೇಲೇ ನಿಂತು "ಎಲ್ಲಿದೆ?" ಅಂತ ಕೇಳಬೇಕು, ಹಾಗಿದೆ. ಆದರೆ ಜ್ವಾಲಾಮುಖಿ ಅಂದರೆ ಏನು ಅಂತ ಅರ್ಥವಾಗಬೇಕಾದರೆ ಮೂರರಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳಿದ್ದರಂತೂ ಯೋಚಿಸುವುದೇ ಬೇಡ.

ಒಂದು ಕಾರಣ ಕ್ರೋಸ್ಕಾಟ್. ಸುಮಾರು 13 ಸಾವಿರ ವರ್ಷದ ಹಿಂದೆ ಉಗುಳಿದ, 160 ಮೀಟರ್ ಎತ್ತರದ ಗುಡ್ಡ. ಇದರ ಒಂದು ಪಕ್ಕವನ್ನು ದಶಕಗಳ ಕಾಲ ಅಗೆದು ಜಲ್ಲಿ ಸಾಗಿಸಿದರು. ಜನ ತಿರುಗಿಬಿದ್ದರು. 1982ರಲ್ಲಿ ಕಾಯ್ದೆ ಬಂದು ಇಡೀ ಪ್ರದೇಶಕ್ಕೆ ರಕ್ಷಣೆ ಸಿಕ್ಕಿತು, ಆಮೇಲೆ ಗಣಿಯೂ ನಿಂತಿತು. ಅಗೆದ ಗಾಯವನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಅದರೊಳಗೆ ನಡೆದು ಹೋದರೆ ಜ್ವಾಲಾಮುಖಿಯ ಹೊಟ್ಟೆ ಕಾಣುತ್ತದೆ: ಕಪ್ಪು, ಕೆಂಪು, ಕಂದು ಪದರಗಳು ಒಂದರ ಮೇಲೊಂದು. ಇಂಥದ್ದು ಸಾನ್ಸಿಯಲ್ಲೂ ಇಲ್ಲ, ಪುಯಿ ಮಾರಿಯಲ್ಲೂ ಇಲ್ಲ.

ಇನ್ನೊಂದು ಕಾರಣ ಸಾಂತಾ ಮಾರ್ಗರಿದಾ. ಕಾಡಿನಲ್ಲಿ ಹತ್ತಿ, ಅಂಚು ದಾಟಿ ಇಳಿದರೆ ದುಂಡಗಿನ ಹುಲ್ಲುಗಾವಲು, ನಡುವೆ ಒಂಟಿ ಚಾಪೆಲ್. ನಿಂತಿರುವುದು ಜ್ವಾಲಾಮುಖಿಯ ಬಾಯೊಳಗೆ. ಮೂಲ ಕಟ್ಟಡ 1428ರ ಭೂಕಂಪದಲ್ಲಿ ಬಿತ್ತು, ಈಗಿರುವುದು 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಮೂರನೆಯದು ಫಾಜೆಡಾ ದೆನ್ ಜೋರ್ದಾ, ಕ್ರೋಸ್ಕಾಟ್‌ನಿಂದ ಹರಿದ ಲಾವಾದ ಮೇಲೆ ಬೆಳೆದ ಬೀಚ್ (beech) ಎಂಬ ಮರಗಳ ಕಾಡು. ಲಾವಾ ಹರಿಯುವಾಗ ಒಳಗೆ ಆವಿ ಸಿಕ್ಕಿಕೊಂಡು ಉಬ್ಬಿದ ದಿಬ್ಬಗಳು ಕಾಡಿನ ತುಂಬ ಇವೆ. ಕೆಲವು 20 ಮೀಟರ್ ಎತ್ತರದವು. ಕಾಡಿನ ನಡುವೆಯೇ ಒಂದು ಡೈರಿಯಿದೆ. ಮಾನಸಿಕ ಅಸ್ವಸ್ಥತೆ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕೆಲಸ ಕೊಡಬೇಕೆಂದು 1982ರಲ್ಲಿ ಶುರುವಾದ ಸಹಕಾರ ಸಂಘ ಅದು. ಅವರ ಮೊಸರು ಕ್ಯಾಟಲೋನಿಯಾದಲ್ಲೆಲ್ಲ ಮಾರಾಟವಾಗುತ್ತದೆ. ಮೊಸರಿಲ್ಲದೆ ದಿನ ಮುಗಿಯದ ನಮ್ಮಂಥವರು ಬಿಡಬಾರದ ಜಾಗ.

ಈ ಮೂರನ್ನೂ ಸೇರಿಸುವ ಒಂದು ಸುತ್ತುದಾರಿಯಿದೆ. ಈ ಜ್ವಾಲಾಮುಖಿ ಪ್ರದೇಶದ ರಕ್ಷಿತ ಉದ್ಯಾನದ 1ನೇ ನಂಬರಿನ ದಾರಿ. ಹತ್ತು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ನಾಲ್ಕೈದು ಗಂಟೆ. ಗುರುತು ಕಂಬಗಳು ಅಲ್ಲಲ್ಲಿ ಇವೆ, ದಾರಿ ತಪ್ಪುವುದು ಕಷ್ಟ. ಅರವತ್ತು ದಾಟಿದ ಅಪ್ಪ ಅಮ್ಮ ಮಂಡಿ ನೋವಿಲ್ಲದಿದ್ದರೆ ನಿಧಾನವಾಗಿ ಮುಗಿಸಬಹುದು.

ಊರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಬಸಾಲಿನ ಓರೆಕೋರೆ ಚೌಕ, ಅದರ ಪಕ್ಕ ಸಾಮಂತರ ಹಳೆಯ ಕೋಟೆ, ಒಂದು ಚರ್ಚು, ನಾಲ್ಕು ಓಣಿ. ಚೌಕದಲ್ಲಿ ಹಿಂದೆ ದನದ ಸಂತೆ ನಡೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನಿಜವಾದ ಮಧ್ಯಯುಗದ ಗಾಳಿ ಮೂರರಲ್ಲಿ ಇಲ್ಲೇ ಜಾಸ್ತಿ ಅನ್ನಿಸುತ್ತದೆ. ಇನ್ನೂ ಬೇಕೆಂದರೆ ಹತ್ತಿರದ ಕಸ್ತೆಲ್‌ಫುಲಿತ್‌ಗೆ ಹೋಗಿ. 50 ಮೀಟರ್ ಎತ್ತರದ ಬಸಾಲ್ಟ್ ಬಂಡೆಯ ತುದಿಯಲ್ಲೇ ಮನೆಗಳ ಸಾಲಿದೆ. ಅದನ್ನು ನೋಡಬೇಕಾದದ್ದು ಊರೊಳಗಿಂದಲ್ಲ, ಕೆಳಗಿನ ಹೊಳೆಯ ಕಡೆಯಿಂದ.

ಹೋಗುವುದು ಹೇಗೆ

ಕಾರಿಲ್ಲದವರಿಗೆ ಸಾಂತಾ ಪಾವ್ ಸುಲಭ. ಬಾರ್ಸಿಲೋನಾದಿಂದ ಹತ್ತಿರದ ದೊಡ್ಡ ಊರಾದ ಓಲೋಟ್‌ಗೆ ನೇರ ಬಸ್ಸಿದೆ. ಓಲೋಟ್‌ನಿಂದ ಮುಂದೆ ಬಸ್ಸು ಕಮ್ಮಿ. ಆದರೆ ಬೆನ್ನಿನ ಚೀಲ ಹಗುರವಾಗಿದ್ದರೆ ಫಾಜೆಡಾ ಕಾಡಿನ ಮೂಲಕ ನಡೆದೇ ಸಾಂತಾ ಪಾವ್ ಸೇರಬಹುದು. ಅದೇ ಒಂದು ಒಳ್ಳೆಯ ಅರ್ಧ ದಿನ.

ಬೆಸ್‌ಗೆ ಮೊದಲು ಕ್ಲೆರ್ಮೋಂ-ಫೆರಾಂ ತಲುಪಬೇಕು, ಪ್ಯಾರಿಸ್‌ನಿಂದ ರೈಲಿನಲ್ಲಿ ಮೂರೂವರೆ ಗಂಟೆ. ಅಲ್ಲಿಂದ ಬಸ್ಸು. ಸಮಯ ಮೊದಲೇ ನೋಡಿಕೊಳ್ಳಿ, ತಪ್ಪಿದರೆ ಇನ್ನೊಂದು ಬೇಗ ಬರುವುದಿಲ್ಲ. ಸಲೆರ್ಸ್‌ಗೆ ಸುಮ್ನೆ ಕಾರು ಬಾಡಿಗೆಗೆ ತಗೊಳ್ಳಿ. ಬೇರೆ ಉಪಾಯ ಹುಡುಕುವುದರಲ್ಲೇ ಅರ್ಧ ರಜೆ ಹೋಗುತ್ತದೆ. ಕಾಂತಾಲ್ ಬೆಟ್ಟ ಬೇಕು, ಕಾರು ಬೇಡ ಅನ್ನುವವರಿಗೆ ಬೇರೆ ದಾರಿಯಿದೆ: ಲ ಲಿಯೋರಾಂನಲ್ಲಿ ರೈಲು ನಿಲ್ಲುತ್ತದೆ, ಶಿಖರಗಳು ಅಲ್ಲಿಂದ ಕಾಲಳತೆಯಲ್ಲಿವೆ. ಆದರೆ ಅದು ಮಧ್ಯಯುಗದ ಊರಲ್ಲ, ಸ್ಕೀ ಊರು.

ಯಾವ ತಿಂಗಳು

ಓವರ್ನ್ಯಕ್ಕೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆ. ಪಾ ದ ಪೇರೋಲ್ ರಸ್ತೆ ಚಳಿಗಾಲವಿಡೀ ಹಿಮದಿಂದ ಮುಚ್ಚಿರುತ್ತದೆ, ವಸಂತದಲ್ಲೂ ಬೇಗ ತೆರೆಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಹೊರಟು ಎರಡರೊಳಗೆ ದಿಣ್ಣೆಯಿಂದ ಇಳಿದಿರಬೇಕು. ಮಂಜು ಕವಿದರೆ ಮರವಿಲ್ಲದ ಬಯಲಲ್ಲಿ ದಿಕ್ಕೇ ಗೊತ್ತಾಗುವುದಿಲ್ಲ. ಫೋನನ್ನೇ ನಂಬದೆ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ಒಂದನ್ನು ಚೀಲದಲ್ಲಿಡಿ. ಬಿಳಿ-ಕೆಂಪು ಪಟ್ಟಿ ದೂರದ ದಾರಿಗಳ ಗುರುತು, ಹಳದಿ ಪಟ್ಟಿ ಸ್ಥಳೀಯ ದಾರಿಯದು. ಎರಡು ಪಟ್ಟಿ ಅಡ್ಡಡ್ಡ ಕತ್ತರಿಸಿದ್ದರೆ ಆ ಕಡೆ ಹೋಗಬೇಡಿ ಅಂತ.

ಗರೋಚಾಕ್ಕೆ ಏಪ್ರಿಲ್, ಮೇ ಚೆನ್ನ. ಅಕ್ಟೋಬರ್ ಕೊನೆಯಿಂದ ನವೆಂಬರ್ ಇನ್ನೂ ಚೆನ್ನ, ಬೀಚ್ ಎಲೆಗಳು ಆಗ ಕೆಂಪಾಗುತ್ತವೆ. ಅದನ್ನು ನೋಡಲು ಬಾರ್ಸಿಲೋನಾದ ಅರ್ಧ ಊರು ಶನಿವಾರ, ಭಾನುವಾರ ಅಲ್ಲೇ ಇರುತ್ತದೆ, ಆದ್ದರಿಂದ ವಾರದ ನಡುವೆ ಹೋಗಿ. "ಓಲೋಟ್‌ನಲ್ಲಿ ಮಳೆ ಇಲ್ಲ ಅಂದರೆ ಎಲ್ಲೂ ಮಳೆ ಇಲ್ಲ" ಅಂತ ಅಲ್ಲಿನ ಗಾದೆ. ರೇನ್‌ಕೋಟ್ ಮರೆಯಬೇಡಿ.

ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ಓವರ್ನ್ಯದ ಹೆಸರಾಂತ ತಿನಿಸು ತ್ರುಫಾದ್. ಆಲೂಗಡ್ಡೆ ಹುರಿದು ಹಸಿ ಚೀಸ್ ಬೆರೆಸಿ, ನೂಲು ನೂಲಾಗಿ ಎಳೆಯುವಂತೆ ಮಾಡಿ ಬಡಿಸುತ್ತಾರೆ. ನಡೆದು ಬಂದವರಿಗೆ ಸ್ವರ್ಗ. ಆದರೆ ಪಕ್ಕದಲ್ಲಿ ಹಂದಿಮಾಂಸ ಇಟ್ಟೇ ಕೊಡುತ್ತಾರೆ, ಕೆಲವೊಮ್ಮೆ ಒಳಗೂ ಸೇರಿಸುತ್ತಾರೆ, ಹುರಿಯಲು ಕೊಬ್ಬನ್ನೂ ಬಳಸುತ್ತಾರೆ. ಆರ್ಡರ್ ಮಾಡುವಾಗಲೇ ಬಿಡಿಸಿ ಹೇಳಿ. ಬೆಸ್ ಕಡೆ ಸಾಂ-ನೆಕ್ತೇರ್ ಚೀಸ್. ಅದರ ಮೇಲಿನ ಹಸಿರು ಬಿಲ್ಲೆ ಮೊಟ್ಟೆಯಾಕಾರದಲ್ಲಿದ್ದರೆ ರೈತರ ಮನೆಯಲ್ಲೇ ಮಾಡಿದ್ದು, ಚೌಕವಾಗಿದ್ದರೆ ಡೈರಿಯದು. ಸಲೆರ್ಸ್ ಚೀಸನ್ನು ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ, ಹಸುಗಳು ಹಸಿ ಹುಲ್ಲು ಮೇಯುವ ಕಾಲದಲ್ಲಿ ಮಾತ್ರ, ಮರದ ಹಂಡೆಯಲ್ಲಿ ಮಾಡುತ್ತಾರೆ. ಎರಡಕ್ಕೂ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಕಟ್ಟಾ ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ.

ಸಾಂತಾ ಪಾವ್‌ನ ಹೆಮ್ಮೆ ಫೆಸೋಲ್ಸ್, ಜ್ವಾಲಾಮುಖಿಯ ಮಣ್ಣಲ್ಲಿ ಬೆಳೆದ ಪುಟ್ಟ ಬಿಳಿ ಕಾಳು. ಬೇಯಿಸಿ ಆಲಿವ್ ಎಣ್ಣೆ ಹಾಕಿದರೆ ಸಾಕು, ಬೆಣ್ಣೆಯಂತೆ ಕರಗುತ್ತದೆ. ಅಲ್ಲೂ ಸಾಸೇಜ್ ಸೇರಿಸುವ ಪದ್ಧತಿಯಿದೆ, ಬೇಡವೆಂದರೆ ಬಿಡುತ್ತಾರೆ.

ಹೊತ್ತಿನ ವ್ಯತ್ಯಾಸ ನೆನಪಿರಲಿ. ಫ್ರಾನ್ಸಿನ ಹಳ್ಳಿಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದು ರಾತ್ರಿ ಏಳಕ್ಕೆ. ಸ್ಪೇನಿನಲ್ಲಿ ರಾತ್ರಿ ಊಟ ಎಂಟೂವರೆಗೂ ಮೊದಲು ಸಿಗುವುದು ಕಷ್ಟ. ನಡುವೆ ಹಸಿವು ತಡೆಯಲು ಚಕ್ಕುಲಿ, ಕೋಡುಬಳೆ ಏನಾದರೂ ಕಟ್ಟಿಕೊಂಡಿರಿ.

ಹಾಗಾದರೆ ಯಾವುದು?

ಬೆಟ್ಟ ಹತ್ತಿ ಅಭ್ಯಾಸವಿದ್ದು ಮೂರು ದಿನ ಕೈಯಲ್ಲಿದ್ದರೆ ಬೆಸ್. ಮೊದಲ ದಿನ ಕೆರೆ, ಹವೆ ಚೆನ್ನಾಗಿರುವ ದಿನ ಸಾನ್ಸಿ, ಮಳೆ ಬಂದ ದಿನ ಊರು. ಈ ಕ್ರಮವನ್ನು ಮೊದಲೇ ಗಟ್ಟಿ ಮಾಡಬೇಡಿ, ಆಕಾಶ ನೋಡಿ ಬದಲಿಸಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಅಥವಾ ಬಾರ್ಸಿಲೋನಾಕ್ಕೆ ಹೇಗೂ ಹೋಗುತ್ತಿದ್ದರೆ, ಸಾಂತಾ ಪಾವ್. ಎರಡು ರಾತ್ರಿ ಧಾರಾಳ ಸಾಕು.

ಸಲೆರ್ಸ್ ಕಾರಿರುವವರಿಗೆ, ನಡಿಗೆಗಿಂತ ನೋಟ ಇಷ್ಟಪಡುವವರಿಗೆ. ಅಲ್ಲಿ ಹಗಲಲ್ಲಿ ಟೂರ್ ಬಸ್ಸುಗಳ ಗದ್ದಲ ಇರುತ್ತದೆ. ಸಂಜೆ ಅವು ಹೊರಟುಹೋದ ಮೇಲೆ ಊರು ಉಳಿದುಕೊಂಡವರದು. ಹಾಗಾಗಿ ಹೋಗುವುದಾದರೆ ಒಂದು ರಾತ್ರಿಯಾದರೂ ಕೋಟೆಯ ಒಳಗೇ ರೂಮ್ ಹಿಡಿಯಿರಿ. ಜುಲೈ, ಆಗಸ್ಟಿಗೆ ಅವು ಬೇಗ ತುಂಬುತ್ತವೆ, ಎರಡು ಮೂರು ತಿಂಗಳ ಮೊದಲೇ ಬುಕ್ ಮಾಡಿ.